ಆಯುವ ಯಂತ್ರವೂ ಅದರ ಪರೀಕ್ಷೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಭಕ್ತಗೋಷ್ಠಿಯಲ್ಲಿ ಮಾಡಿದ ಭಾಷಣ)

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ದಯಮಾಡಿಸಿರುವ ಶರಣಬಂಧುಗಳ, ತಾಯಂದಿರ ಮುಂದೆ ನನಗೆ ಅಪ್ಪಣೆಯಾಗಿರುವ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನನಗಿಂತ ಮುಂಚೆ ಮಾತನಾಡಿದ ಮಹನೀಯರು ಷಟ್‌ಸ್ಥಲದ ರಹಸ್ಯವನ್ನು ವಿವರಿಸಿದರು. ಅಂತಹ ಗಹನವಾದ ವಿಷಯವನ್ನು ಮುಟ್ಟುವ ಅಧಿಕಾರ ನನಗಿಲ್ಲ. ಗಿರಣಿ ಕಾರ್ಖಾನೆಗಳ ಯಂತ್ರಗಳ ಸಹವಾಸದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ನನ್ನ ವಿಷಯ ಕಸ. ಮಹೋತ್ಸವದ ಮಂಟಪದಲ್ಲಿ ಕಸದ ಮಾತೇ ಎಂದು ಯಾರಾದರೂ ಹುಬ್ಬುಗಂಟಿಕ್ಕುವುದಾದರೆ, ನ್ಯಾಮತಿಗೆ ನೆರೆಯದಾದ ಶಿಕಾರಿಪುರ ಸೀಮೆಯ ಹಿರೇಜಂಬೂರಿನ ಸತ್ಯಕ್ಕನವರನ್ನು ಅವರು ಒಮ್ಮೆ ಸ್ಮರಿಸಬೇಕು. ಶರಣರ ಅಂಗಳವನ್ನು ಗುಡಿಸುವುದೇ ಆ ತಾಯಿಯ ಕಾಯಕವಾಗಿತ್ತು.

ನಿನ್ನೆ ದಾಸೋಹದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಮಿತ್ರರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಅಣ್ಣಾವರೆ, ಪ್ಲಾಸ್ಟಿಕ್ಕನ್ನೂ ಲೋಹವನ್ನೂ ತಾನೇ ನೋಡಿ ತಾನೇ ಬೇರ್ಪಡಿಸುವ ಯಂತ್ರಗಳು ಬಂದಿವೆಯಂತೆ. ನಮ್ಮ ನಾಲ್ಕು ತಾಲ್ಲೂಕಿನ ಭಕ್ತರು ಕೂಡಿ ಅಂತಹ ಒಂದು ಯಂತ್ರವನ್ನು ಏಕೆ ತರಬಾರದು?" ಎಂಬುದೇ ಆ ಪ್ರಶ್ನೆ. ಎಲೆಯ ಮುಂದೆ ಒಂದೇ ಮಾತಿನಲ್ಲಿ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲು ನನ್ನಿಂದಾಗಲಿಲ್ಲ. ಈ ಭಾಷಣವನ್ನು ಅವರಿಗೆ ನಾನು ಕೊಡುತ್ತಿರುವ ಉತ್ತರವೆಂದೇ ತಾವು ಭಾವಿಸಬಹುದು.

ಆಯ್ದಕ್ಕಿ ಮಾರಯ್ಯನವರ ಹೆಸರಿನಲ್ಲಿಯೇ ನನ್ನ ವಿಷಯವೆಲ್ಲ ಅಡಗಿದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದಾಗ ಧರ್ಮಪತ್ನಿ ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಭಕ್ತಿಯ ದೃಷ್ಟಿಯಿಂದ ಈ ಕಥೆಯ ಅರ್ಥ ದೊಡ್ಡದು. ಯಂತ್ರದವನಾದ ನನಗೆ ಅದರಲ್ಲಿ ಇನ್ನೊಂದು ಚಿಕ್ಕ ಅರ್ಥವೂ ಕಾಣುತ್ತದೆ. ಆಯುವವನಿಗೆ ಎರಡು ತಪ್ಪುಗಳು ಸಾಧ್ಯ: ಎತ್ತಬೇಕಾದುದನ್ನು ಬಿಟ್ಟುಬರುವುದು ಒಂದು, ಎತ್ತಬಾರದುದನ್ನು ಎತ್ತಿತರುವುದು ಇನ್ನೊಂದು. ಮಾರಯ್ಯನವರು ತಂದ ಅಕ್ಕಿಯೆಲ್ಲ ಅಕ್ಕಿಯೇ. ಆದರೂ ಲಕ್ಕಮ್ಮನವರು ಎರಡನೆಯ ತಪ್ಪನ್ನು ಕಂಡುಹಿಡಿದರು. ಆಯುವ ಯಂತ್ರದ ಪರೀಕ್ಷೆಯೂ ಈ ಎರಡು ತಪ್ಪುಗಳನ್ನು ಪ್ರತ್ಯೇಕವಾಗಿ ಎಣಿಸುವುದರಲ್ಲಿದೆ. ಒಂದನ್ನೇ ಎಣಿಸಿ ಇನ್ನೊಂದನ್ನು ಮರೆಸುವವರು ಈ ವ್ಯಾಪಾರದಲ್ಲಿ ಬಹಳ ಮಂದಿಯಿದ್ದಾರೆ.

ಬೇರ್ಪಡಿಸುವ ವಿದ್ಯೆ ನಮಗೆ ಹೊಸದಲ್ಲ. ಕಣದಲ್ಲಿ ರಾಶಿಯನ್ನು ಗಾಳಿಗೆ ತೂರಿದಾಗ ತೂಕದಿಂದ ಬೇರ್ಪಡುತ್ತದೆ. ಜರಡಿ ಹಿಡಿದಾಗ ಗಾತ್ರದಿಂದ ಬೇರ್ಪಡುತ್ತದೆ. ಮೊರದಲ್ಲಿ ಹರಡಿ ಕಲ್ಲು ಆಯ್ದಾಗ ಕಣ್ಣು ಬಣ್ಣವನ್ನೂ ಆಕಾರವನ್ನೂ ನೋಡಿ ಬೇರ್ಪಡಿಸುತ್ತದೆ. ಚನ್ನಗಿರಿಯ ಕಡೆ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆಬೇರೆ ಮಾಡುವ ತಾಯಂದಿರ ಕೈಯ ವೇಗವನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹೊನ್ನಾಳಿ, ನ್ಯಾಮತಿ ಭತ್ತದ ಸೀಮೆಯಾದುದರಿಂದ, ಗಿರಣಿಯವರು ಸಾರ್ಟೆಕ್ಸ್ ಎಂದು ಕರೆಯುವ ಯಂತ್ರವನ್ನು ಅಲ್ಲಿಯವರಲ್ಲಿ ಅನೇಕರು ಕಣ್ಣಾರೆ ಕಂಡಿರಬೇಕು. ಅಕ್ಕಿಯು ತೆಳುವಾದ ಧಾರೆಯಾಗಿ ಇಳಿಜಾರಿನ ಮೇಲೆ ಜಾರುತ್ತದೆ. ಕ್ಯಾಮೆರಾದ ಕಣ್ಣು ಕಾಳುಕಾಳನ್ನೂ ನೋಡುತ್ತದೆ. ಕರಿಯ ಕಾಳು ಕಂಡೊಡನೆ ಗಾಳಿಯ ಸಣ್ಣ ಕೊಳವೆಯೊಂದು ಫಕ್ಕನೆ ಊದಿ ಅದನ್ನು ಬೇರೊಂದು ಡಬ್ಬಕ್ಕೆ ಹಾರಿಸುತ್ತದೆ. ಈ ಬಗೆಯ ವಿದ್ಯುತ್ಕಣ್ಣಿನ ಯಂತ್ರಗಳು 1930ರ ದಶಕದಲ್ಲಿಯೇ ಅಮೆರಿಕದ ಮಿಚಿಗನ್ ಪ್ರಾಂತದಲ್ಲಿ ಅವರೆಯಂತಹ ಕಾಳುಗಳನ್ನು ಆಯುವುದಕ್ಕಾಗಿ ಬಳಕೆಗೆ ಬಂದವು. ಇಂದು ಕಾರ್ಖಾನೆಯ ಕಸವನ್ನು ಆಯುವ ಯಂತ್ರವೂ ಇದೇ ಮನೆತನದ್ದು. ಅಕ್ಕಿಗೆ ಬದಲಾಗಿ ಬಾಟಲಿಯ ಚೂರು, ಇಳಿಜಾರಿಗೆ ಬದಲಾಗಿ ಓಡುವ ಪಟ್ಟೆ. ಗಾಳಿ ಊದುವ ಕೊಳವೆ ಅದೇ.

ಲೋಹದ ಮಾತು ಸುಲಭ. ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಕಬ್ಬಿಣವನ್ನು ಅಯಸ್ಕಾಂತ ಎತ್ತುತ್ತದೆ. ಅದಿರನ್ನು ಹೀಗೆ ಬೇರ್ಪಡಿಸುವ ಯಂತ್ರಕ್ಕೆ ಎಡಿಸನ್ ಮಹಾಶಯನು 1880ರಲ್ಲಿ ಹಕ್ಕುಪತ್ರ ಪಡೆದನು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವದಂತೆ, ವೇಗವಾಗಿ ತಿರುಗುವ ಅಯಸ್ಕಾಂತದ ಮೇಲೆ ಅದು ಹಾದುಹೋಗುವಾಗ ಅದರೊಳಗೆ ವಿದ್ಯುತ್ತಿನ ಸುಳಿಗಳು ಹುಟ್ಟಿ, ಆ ಚೂರು ತಾನಾಗಿ ಮುಂದಕ್ಕೆ ಜಿಗಿಯುತ್ತದೆ. ಹರಿಹರದ ಲೇತ್ ಯಂತ್ರಗಳ ಬಳಿ ಕೆಲಸಮಾಡಿದವರಿಗೆ ಕಬ್ಬಿಣದ ಸುರುಳಿ, ಹಿತ್ತಾಳೆಯ ಪುಡಿ ಬೆರೆತರೆ ಎರಡರ ಬೆಲೆಯೂ ಹೇಗೆ ಬಿದ್ದುಹೋಗುತ್ತದೆಂಬುದು ಗೊತ್ತು. ಚನ್ನಗಿರಿಗೆ ಹೊಂದಿಕೊಂಡಿರುವ ಭದ್ರಾವತಿಯಲ್ಲಿ, 1923ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಯವರು ಕಟ್ಟಿಗೆಯನ್ನು ಇದ್ದಿಲು ಮಾಡುವಾಗ ಬರುವ ಹೊಗೆಯನ್ನು ಸಹ ಬಿಡದೆ, ಅದರಿಂದ ಡಾಂಬರನ್ನೂ ಮರದ ಮದ್ಯಸಾರವನ್ನೂ ಇಳಿಸಿಕೊಳ್ಳುತ್ತಿದ್ದರು. ಆ ಭಟ್ಟಿಗಳು ನಿಂತು ಬಹಳ ಕಾಲವಾಯಿತು. ಆ ಬುದ್ಧಿ ಮಾತ್ರ ನಿಲ್ಲಬಾರದಾಗಿತ್ತು.

ಕಷ್ಟವಿರುವುದು ಪ್ಲಾಸ್ಟಿಕ್ಕಿನಲ್ಲಿ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ವಸ್ತುಗಳು ಒಳಗೆ ಬೇರೆಬೇರೆ ಜಾತಿಯವು. ಕುಡಿಯುವ ನೀರಿನ ಬಾಟಲಿಯದು ಪೆಟ್ ಎಂಬುದು; ಕೊಳವೆಬಾವಿಯ ಕೇಸಿಂಗ್ ಪೈಪಿನದು ಸಾಮಾನ್ಯವಾಗಿ ಪಿವಿಸಿ; ತೋಟದ ಹನಿ ನೀರಾವರಿಯ ಪೈಪು ಪಾಲಿಥೀನು; ಗೊಬ್ಬರದ ನೇಯ್ದ ಚೀಲ ಪಾಲಿಪ್ರೊಪಿಲೀನು, ಅದರೊಳಗಿನ ತೆಳು ಚೀಲ ಮತ್ತೆ ಪಾಲಿಥೀನು. ಇವನ್ನು ಬೆರೆಸಿ ಕರಗಿಸಿದರೆ ಯಾವುದಕ್ಕೂ ಆಗದ ಮುದ್ದೆಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟ ನಂಟು ಪೆಟ್ ಮತ್ತು ಪಿವಿಸಿಗಳದು. ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಂಟಿಗ್ರೇಡಿನ ಮೇಲೆ. ಪಿವಿಸಿ ಅಷ್ಟು ಶಾಖಕ್ಕೆ ಮುನ್ನವೇ ಒಡೆದು ಆಮ್ಲದ ಹೊಗೆಯನ್ನು ಬಿಡುತ್ತದೆ. ಆ ಹೊಗೆ ಪೆಟ್ಟನ್ನೂ ಕೆಡಿಸುತ್ತದೆ, ಯಂತ್ರದ ಲೋಹವನ್ನೂ ತಿನ್ನುತ್ತದೆ. ಹಳೆಯ ಪೈಪುಗಳನ್ನು ತೋಟದ ಬದುವಿನಲ್ಲಿ ಸುಡುವವರು ಕುಡಿಯುತ್ತಿರುವುದೂ ಅದೇ ಹೊಗೆಯನ್ನು. ಈ ಮಾತನ್ನು ಇಲ್ಲಿ ಹೇಳದೆ ಹೋದರೆ ನಾನು ಬಂದುದೇ ವ್ಯರ್ಥ.

ಈ ಜಾತಿಗಳನ್ನು ಯಂತ್ರ ಹೇಗೆ ಗುರುತಿಸುತ್ತದೆ? 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಬಿಸಿಲನ್ನು ಗಾಜಿನ ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಯಾವ ಬಣ್ಣದಲ್ಲಿ ಎಷ್ಟು ಶಾಖವೆಂದು ಉಷ್ಣಮಾಪಕಗಳನ್ನಿಟ್ಟು ನೋಡುತ್ತಿದ್ದನು. ಕೆಂಪಿನಿಂದಾಚೆ, ಕಣ್ಣಿಗೆ ಬೆಳಕೇ ಇಲ್ಲದ ಕಡೆ ಇಟ್ಟ ಮಾಪಕದಲ್ಲಿ ಪಾದರಸ ಇನ್ನೂ ಹೆಚ್ಚು ಏರಿತು. ಅಲ್ಲಿ ಕಾಣದ ಕಿರಣವೊಂದು ಉಂಟೆಂಬುದು ಹೀಗೆ ಗೊತ್ತಾಯಿತು. ಇದನ್ನೇ ಅವಕೆಂಪು ಕಿರಣವೆನ್ನುತ್ತಾರೆ. ಒಂದೊಂದು ಜಾತಿಯ ಪ್ಲಾಸ್ಟಿಕ್ಕೂ ಈ ಕಿರಣದ ಬೇರೆಬೇರೆ ಅಂಶಗಳನ್ನು ನುಂಗಿ ಉಳಿದುದನ್ನು ಹಿಂದಕ್ಕೆ ಬೀರುತ್ತದೆ. ಸೆಕೆಂಡಿಗೆ ಎರಡು ಮೂರು ಮೀಟರು ಓಡುವ ಪಟ್ಟೆಯ ಮೇಲೆ ದೀಪ ಬೀರಿ, ಹಿಂದಿರುಗಿ ಬಂದ ಕಿರಣವನ್ನು ಓದಿ, ಇದು ಪೆಟ್, ಇದು ಪಿವಿಸಿ ಎಂದು ಯಂತ್ರ ತೀರ್ಮಾನಿಸುತ್ತದೆ. ನೋಡುವುದಕ್ಕೆ ಆಶ್ಚರ್ಯವೇ ಸರಿ. ನಾನೂ ಮೊದಲ ಸಲ ನೋಡಿದಾಗ ಬಾಯಿ ತೆರೆದುಕೊಂಡೇ ನಿಂತಿದ್ದೆ.

ಇನ್ನು ತಾವು ಗಮನವಿಟ್ಟು ಕೇಳಬೇಕು. ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಕೊಡಲು ಬೆರೆಸುವ ಮಸಿಯು ಈ ಕಿರಣವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಹಿಂದಕ್ಕೆ ಏನೂ ಬರುವುದಿಲ್ಲವಾದುದರಿಂದ, ಕರಿಯ ಪ್ಲಾಸ್ಟಿಕ್ಕು ಸಾಮಾನ್ಯ ಅವಕೆಂಪು ಯಂತ್ರಕ್ಕೆ ಕಾಣುವುದೇ ಇಲ್ಲ. ಕರಿಯ ಪಟ್ಟೆಯ ಮೇಲೆ ಪಟ್ಟೆಯೇ ಹಾದುಹೋದಂತೆ ಅದಕ್ಕೆ ತೋರುತ್ತದೆ. ನಮ್ಮ ಸೀಮೆಯ ಪ್ಲಾಸ್ಟಿಕ್ಕು ಯಾವುದು? ಚನ್ನಗಿರಿಯ ಅಡಿಕೆತೋಟದಲ್ಲಿ ಗಿಡದಿಂದ ಗಿಡಕ್ಕೆ ಹರಿದಾಡುವ ಹನಿ ನೀರಾವರಿಯ ಪೈಪು ಕಪ್ಪು. ಮಳೆ ಕಾಣದ ಜಗಳೂರಿನಲ್ಲಿ ಒಂದೊಂದು ಹನಿಯನ್ನೂ ಉಳಿಸಲು ರೈತನು ಹಾಸುವ ಪೈಪೂ ಕಪ್ಪು. ಬಿಸಿಲಿಗೆ ಸೀಳದಿರಲೆಂದೇ ಅದಕ್ಕೆ ಮಸಿ ಬೆರೆಸಿರುತ್ತಾರೆ. ಆ ಮಸಿಯಿಲ್ಲದಿದ್ದರೆ ಪೈಪು ಬಹುಕಾಲ ಬಾಳುವುದಿಲ್ಲ. ಹೀಗಿರುವಾಗ ಪಟ್ಟಣದ ಬಾಟಲಿಗಾಗಿ ಮಾಡಿದ ಬೆಲೆಬಾಳುವ ಯಂತ್ರವನ್ನು ನಾವು ತಂದು ನಿಲ್ಲಿಸಿದರೆ, ನಮ್ಮಲ್ಲಿ ಹೆಚ್ಚಾಗಿ ಬೀಳುವ ವಸ್ತುವಿಗೇ ಅದು ಕುರುಡಾಗಿರುತ್ತದೆ. ಕಪ್ಪನ್ನೂ ಗುರುತಿಸುವ ಬೇರೆ ಬಗೆಯ ಯಂತ್ರಗಳುಂಟು. ಅವುಗಳ ಬೆಲೆ ಬೇರೆ, ಪರೀಕ್ಷೆಯೂ ಬೇರೆ.

ಕೆಲವು ವರ್ಷಗಳ ಹಿಂದೆ ಗುಜರಿ ವ್ಯಾಪಾರಿಯೊಬ್ಬರು, ತಾವು ಕೊಳ್ಳಲಿದ್ದ ಯಂತ್ರದ ಪರೀಕ್ಷೆಗೆ ಸಾಕ್ಷಿಯಾಗಿರಲು ನನ್ನನ್ನು ಕರೆದುಕೊಂಡು ಹೋದರು. ಊರೂ ಹೆಸರೂ ಬೇಡ. ಮಾರುವವರು ತಮ್ಮ ಬಾಟಲಿಗಳನ್ನು ತಾವೇ ತಂದಿದ್ದರು: ತೊಳೆದುವು, ಒಣಗಿದುವು, ಚೀಟಿ ಕಿತ್ತುವು. ಪಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಸುರಿದರು. ಯಂತ್ರ ಒಂದನ್ನೂ ತಪ್ಪಲಿಲ್ಲವೆಂದೇ ಹೇಳಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಅನಂತರ ನಾನು, "ಹೊರಗೆ ಅಂಗಳದಲ್ಲಿರುವ ಚೀಲಗಳನ್ನು ಸುರಿಯಿರಿ" ಎಂದೆನು. ಅವರ ಮುಖ ಬಾಡಿತು. ಅಂಗಳದ ಚೀಲದಲ್ಲಿ ಮಣ್ಣಿತ್ತು, ಮಳೆಯ ನೀರಿತ್ತು, ಎಲೆಯಡಿಕೆಯ ಉಗುಳಿನ ಕಲೆಯಿತ್ತು, ಒಂದರೊಳಗೊಂದು ತುರುಕಿದ ಬಾಟಲಿಗಳಿದ್ದುವು. ನೀರಿನ ಪದರವು ಅವಕೆಂಪು ಕಿರಣವನ್ನು ನುಂಗುತ್ತದೆ. ದೊಡ್ಡ ಚೀಟಿಯಿದ್ದರೆ ಯಂತ್ರ ಬಾಟಲಿಗೆ ಬದಲು ಚೀಟಿಯನ್ನೇ ಓದುತ್ತದೆ. ಗಂಟೆಯೊಳಗಾಗಿ ದೀಪದ ಗಾಜಿನ ಮೇಲೆ ಧೂಳು ಕೂತು ಯಂತ್ರ ತಡವರಿಸತೊಡಗಿತು. ವ್ಯಾಪಾರಿಯವರು ಮಾತ್ರ ಮೊದಲನೆಯ ಪರೀಕ್ಷೆಯನ್ನೇ ನಂಬಿ ಕೊಂಡುಕೊಂಡರು. ಮುಂದೊಂದು ಸಲ ಆ ದಾರಿಯಲ್ಲಿ ಹೋದಾಗ ಯಂತ್ರ ಟಾರ್ಪಾಲಿನ ಕೆಳಗಿತ್ತು; ಬಿಡಿಸಿಕೊಟ್ಟಿದ್ದ ಹೆಂಗಸರನ್ನು ಮತ್ತೆ ಕರೆಸಿ ಕೆಲಸಕ್ಕೆ ಕೂರಿಸಿದ್ದರು. ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿತ್ತು. ಅಂದು ಹೇಳಲಿಲ್ಲವೆಂಬ ಕೊರಗು ನನಗಿದೆ.

ಪರೀಕ್ಷೆಯೆಂದರೆ ಹೇಗಿರಬೇಕು? ನಿದರ್ಶನಕ್ಕಾಗಿ ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. 100 ಕಿಲೋ ರಾಶಿ. ಅದರಲ್ಲಿ 80 ಕಿಲೋ ಪೆಟ್, 20 ಕಿಲೋ ಇತರ. ಯಂತ್ರ 62 ಕಿಲೋ ಎತ್ತಿ ಕೊಟ್ಟಿತು. ಅದನ್ನು ಕೈಯಿಂದ ಬಿಡಿಸಿ ನೋಡಿದರೆ 60 ಕಿಲೋ ಪೆಟ್, 2 ಕಿಲೋ ಇತರ. ಎತ್ತಿದುದರ ಶುದ್ಧಿ ನೂರಕ್ಕೆ ಸುಮಾರು 97 ಎಂದು ಮಾರುವವನು ಹೇಳುತ್ತಾನೆ, ಅದು ಸುಳ್ಳಲ್ಲ. ಆದರೆ 80ರಲ್ಲಿ ಎತ್ತಿದುದು 60 ಮಾತ್ರ. ಪ್ರಾಪ್ತಿ ನೂರಕ್ಕೆ 75. ಉಳಿದ 20 ಕಿಲೋ ಒಳ್ಳೆಯ ಮಾಲು ಕಸದ ಡಬ್ಬಕ್ಕೆ ಹೋಯಿತು. ಅದೇ ಯಂತ್ರದ ತಿರುಗಣೆಯನ್ನು ಸ್ವಲ್ಪ ಸಡಿಲಿಸಿದಾಗ 80 ಕಿಲೋ ಎತ್ತಿ, ಅದರಲ್ಲಿ 76 ಪೆಟ್ ಇದ್ದರೆ, ಶುದ್ಧಿಯೂ 95, ಪ್ರಾಪ್ತಿಯೂ 95. ಎರಡರಲ್ಲಿ ಯಾವುದು ಲೇಸು? ಬೆರಕೆಯಾಗಿರುವ 4 ಕಿಲೋ ಬರಿಯ ಮುಚ್ಚಳವಾದರೆ ಎರಡನೆಯದು ಲೇಸು. ಪಿವಿಸಿಯಾದರೆ ಎರಡನೆಯದನ್ನು ಮುಟ್ಟಲೇಬಾರದು. ಇನ್ನೊಂದು ಕೈಚಳಕವೂ ಉಂಟು. ಸುರಿಯುವ ರಾಶಿಯಲ್ಲಿಯೇ ನೂರಕ್ಕೆ 98 ಪೆಟ್ ಇದ್ದರೆ, ಯಂತ್ರವನ್ನು ಆರಿಸಿಟ್ಟರೂ ಶುದ್ಧಿ 98! ಆದುದರಿಂದ ಒಳಗೆ ಹೋದುದೇನೆಂದು ಹೇಳದ ಪರೀಕ್ಷೆ ಪರೀಕ್ಷೆಯಲ್ಲ.

ಒಳಗೆ ಹೋದುದನ್ನು ತಿಳಿಯುವ ಉಪಾಯ ರೈತನಿಗೆ ಹೊಸದೇನಲ್ಲ. ರಾಶಿಯ ಮೇಲಿನಿಂದ ಒಂದು ಹಿಡಿ ತೆಗೆದರೆ ಮೋಸವಾಗುತ್ತದೆ. ಹಗುರವಾದುದು ಮೇಲೆ, ಭಾರವಾದುದು ಕೆಳಗೆ. ಎಲ್ಲವನ್ನೂ ನೆಲದ ಮೇಲೆ ಸುರಿದು ಚೆನ್ನಾಗಿ ಕಲಸಿ, ನಾಲ್ಕು ಭಾಗಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಂಡು ಮತ್ತೆ ಕಲಸಿ, ಮತ್ತೆ ನಾಲ್ಕು ಭಾಗಮಾಡಿ, ಹೀಗೆ ಕೈಯಿಂದ ಆಯಬಹುದಾದಷ್ಟಕ್ಕೆ ಇಳಿಸಬೇಕು. ಇನ್ನೂ ನಿಖರವಾಗಿ ಬೇಕಾದರೆ, ಒಂದೊಂದು ಜಾತಿಯ ನೂರು ನೂರು ಚೂರುಗಳಿಗೆ ಯಂತ್ರದ ಕಣ್ಣಿಗೆ ಅಡ್ಡಿಯಾಗದಂತೆ ಸಣ್ಣ ಗುರುತು ಹಾಕಿ ರಾಶಿಯಲ್ಲಿ ಬೆರೆಸಿ, ಅವು ಯಾವ ಯಾವ ಡಬ್ಬದಲ್ಲಿ ಎಷ್ಟೆಷ್ಟು ಹೊರಬಂದುವೆಂದು ಎಣಿಸಬೇಕು. ಬೆಳಗಿನ ಒಂದು ಗಂಟೆ ಸಾಲದು. ಮಧ್ಯಾಹ್ನದ ಕಾವಿನಲ್ಲಿ, ವಿದ್ಯುತ್ತು ಇಳಿದೇರುವ ಹೊತ್ತಿನಲ್ಲಿ, ಜಗಳೂರಿನ ಗಾಳಿಯ ಧೂಳಿನಲ್ಲಿ, ಮಳೆಗಾಲದ ಹಸಿ ಮಾಲಿನಲ್ಲಿ, ಮಾರುವವರು ಪತ್ರದಲ್ಲಿ ಬರೆದುಕೊಟ್ಟ ಪೂರ್ಣ ವೇಗದಲ್ಲಿ ಓಡಿಸಬೇಕು. ತಿರಸ್ಕಾರದ ಡಬ್ಬವನ್ನು ಬಿಚ್ಚಿ ನೋಡದ ಹೊರತು ಹಣ ಎಣಿಸಬಾರದು.

ಆ ಡಬ್ಬವನ್ನು ಬಿಚ್ಚಿ ಆಯುವವರು ಯಾರು? ಕೈ ಬಲ್ಲ ತಾಯಂದಿರೇ. ಯಂತ್ರ ಸರಿಯೋ ತಪ್ಪೋ ಎಂದು ಕೊನೆಗೆ ಹೇಳುವ ತಕ್ಕಡಿ ಅವರ ಕಣ್ಣು. ಹೀಗಿದ್ದೂ ಯಂತ್ರ ಬಂದೊಡನೆ ಮೊದಲು ಮನೆಗೆ ಹೋಗುವವರು ಅವರೇ ಎಂಬುದು ನನಗೆ ಒಪ್ಪದ ಮಾತು. ಬೆಂಗಳೂರು ಮಹಾನಗರಪಾಲಿಕೆಯು 2011ರಲ್ಲಿ ಚಿಂದಿ ಆಯುವವರಿಗೆ ಗುರುತಿನ ಚೀಟಿಗಳನ್ನು ಕೊಡತೊಡಗಿ ಅವರ ಕೆಲಸವನ್ನು ಕೆಲಸವೆಂದು ಒಪ್ಪಿಕೊಂಡಿತು. ಹಳ್ಳಿಗಳಲ್ಲಿ ಇಂದು ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿಯನ್ನು ನಡೆಸುತ್ತಿರುವವರಲ್ಲಿ, ಘಟಕದಲ್ಲಿ ಕಸ ಬಿಡಿಸುತ್ತಿರುವವರಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳೇ ಹೆಚ್ಚು. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 2021ರಲ್ಲಿ, ದಿನಕ್ಕೆ 10 ಟನ್ ಒಣಕಸದ ಸಾಮರ್ಥ್ಯವುಳ್ಳ ಘಟಕವೊಂದನ್ನು ಅನೇಕ ಪಂಚಾಯಿತಿಗಳಿಗೆ ಸಾಮಾನ್ಯವಾಗಿ ಸ್ಥಾಪಿಸಿದರು. ಅಲ್ಲಿ ಯಂತ್ರದ ಪಟ್ಟೆಯು ಕಸವನ್ನು ಹೊತ್ತು ತರುತ್ತದೆ. ಪಕ್ಕದಲ್ಲಿ ನಿಂತವರು ಕೈಯಿಂದ ಆಯುತ್ತಾರೆ. ಒತ್ತುವ ಯಂತ್ರ ಮೂಟೆ ಕಟ್ಟುತ್ತದೆ. ಹೊರುವ, ಬಗ್ಗುವ, ಒತ್ತುವ ಶ್ರಮವನ್ನು ಯಂತ್ರಕ್ಕೆ ಕೊಟ್ಟು ವಿವೇಕವನ್ನು ಮನುಷ್ಯನಲ್ಲಿಯೇ ಉಳಿಸಿಕೊಂಡ ಈ ಕ್ರಮ ನನಗೆ ಮೆಚ್ಚಿಕೆಯಾಗಿದೆ.

ಮಿತ್ರರ ಪ್ರಶ್ನೆಗೆ ಬರುತ್ತೇನೆ. ಗಂಟೆಗೆ ಒಂದು ಟನ್ ನುಂಗುವ ಯಂತ್ರಕ್ಕೆ ದಿನಕ್ಕೆ ಎಂಟು ಗಂಟೆಯ ಮೇವು 8,000 ಕಿಲೋ. ಮನೆಯೊಂದು ದಿನಕ್ಕೆ 100 ಗ್ರಾಮು ಕೊಡುವುದೆಂದು ಇಟ್ಟುಕೊಂಡರೆ 80,000 ಮನೆಗಳು ತಪ್ಪದೆ ಕೊಡಬೇಕು. ಜಗಳೂರು ಒಂದು ತುದಿ, ನ್ಯಾಮತಿ ಇನ್ನೊಂದು ತುದಿ. ಒತ್ತದ ಬಾಟಲಿಯನ್ನು ಲಾರಿಯಲ್ಲಿ ಅಷ್ಟು ದೂರ ಸಾಗಿಸುವುದೆಂದರೆ ಗಾಳಿಗೆ ಬಾಡಿಗೆ ಕೊಟ್ಟಂತೆ. ಆದುದರಿಂದ ನೋಡುವ ಯಂತ್ರ ಈಗ ಬೇಡವೆಂದು ನನ್ನ ಅಭಿಪ್ರಾಯ. ತಾಲ್ಲೂಕಿಗೊಂದು ಪಟ್ಟೆ, ಒಂದು ಅಯಸ್ಕಾಂತ, ಒಂದು ಒತ್ತುವ ಯಂತ್ರ, ಎಲ್ಲಕ್ಕೂ ಮಿಗಿಲಾಗಿ ಒಂದು ನಂಬಿಕೆಯ ತಕ್ಕಡಿ ಮೊದಲು ಬರಲಿ. ಒಂದು ವರ್ಷ ಯಾವ ಜಾತಿಯದು ಎಷ್ಟು ಬಂತೆಂದು ತೂಗಿ ಬರೆದಿಡಲಿ. ಆ ಪುಸ್ತಕ ಕೈಯಲ್ಲಿದ್ದಾಗ ಮಾರುವವರೊಡನೆ ಮಾತನಾಡುವ ಬಾಯಿ ನಮಗೆ ಬರುತ್ತದೆ. ಕೊಳ್ಳುವ ದಿನ ಬಂದರೆ, ನಾಲ್ಕು ತಾಲ್ಲೂಕುಗಳಿಂದಲೂ ತೊಳೆಯದ ಮೂಟೆಗಳನ್ನು ಒಯ್ದು ಅವುಗಳ ಮೇಲೆಯೇ ಪರೀಕ್ಷೆ ನಡೆಯಬೇಕೆಂದೂ, ಶುದ್ಧಿ ಪ್ರಾಪ್ತಿಗಳೆರಡೂ ಒಪ್ಪಿದ ಮಟ್ಟಕ್ಕೆ ಬಾರದೆ ಕಡೆಯ ಕಂತು ಸಲ್ಲದೆಂದೂ ಕರಾರಿನಲ್ಲಿ ಬರೆಸಬೇಕು. ಕರಿಯ ಪೈಪನ್ನು ಮಾತ್ರ ಯಾವ ಯಂತ್ರಕ್ಕೂ ಕಾಯದೆ ತೋಟದಲ್ಲಿಯೇ ಬೇರೆ ಕಟ್ಟಿಡಬಹುದು. ಹೊಲದಿಂದ ತೆಗೆಯುವಾಗ ಅದು ಒಂದೇ ಜಾತಿಯದಾಗಿ ಶುದ್ಧವಾಗಿಯೇ ಇರುತ್ತದೆ, ಬೆರೆಸುವವರು ನಾವು. ಅಡಿಕೆಯ ಸಿಪ್ಪೆಯ ಮಾತೂ ಹಾಗೆಯೇ. ಮರ ಬೇರ್ಪಡಿಸಿ ಕೊಟ್ಟುದನ್ನು ರಸ್ತೆಯ ಬದಿಯಲ್ಲಿ ಚೀಲಸಮೇತ ಸುರಿದು ಬೆಂಕಿಯಿಡುತ್ತೇವೆ.

ಮಾತಿಗಿಂತ ಕಣ್ಣು ಹೆಚ್ಚು ನಂಬುವುದಾದುದರಿಂದ, ನಾಳೆ ಪ್ರಾತಃಕಾಲ ಪೂಜೆಯಾದ ತರುವಾಯ ದಾಸೋಹದ ಮನೆಯ ಹಿಂದೆ ನೀರು ತುಂಬಿದ ದೊಡ್ಡ ಕೊಪ್ಪರಿಗೆಯೊಂದನ್ನು ಇಡಿಸುವೆನು, ಸ್ವಾಮಿಗಳವರ ಅಪ್ಪಣೆಯಾಗಿದೆ. ಪಾಲಿಥೀನೂ ಪಾಲಿಪ್ರೊಪಿಲೀನೂ ನೀರಿಗಿಂತ ಹಗುರ, ತೇಲುತ್ತವೆ; ಪೆಟ್ ಮತ್ತು ಪಿವಿಸಿ ನೀರಿಗಿಂತ ಸುಮಾರು ಒಂದೂಕಾಲು ಪಾಲಿಗಿಂತ ಹೆಚ್ಚು ಭಾರ, ಮುಳುಗುತ್ತವೆ. ಮುಳುಗಿದ ಎರಡನ್ನು ನೀರು ಬೇರ್ಪಡಿಸಲಾರದೆಂಬುದನ್ನೂ ಅಲ್ಲಿಯೇ ನೋಡಬಹುದು. ತಮ್ಮ ಗಾಡಿಗಳಲ್ಲಿ, ಚೀಲಗಳಲ್ಲಿ ಯಾವುದಾದರೂ ಹಳೆಯ ಪೈಪಿನ ತುಂಡು, ಗೊಬ್ಬರದ ಚೀಲದ ಚೂರು, ಒಡೆದ ಬಾಟಲಿ ಇದ್ದರೆ ತೊಳೆಯದೆ ಹಾಗೆಯೇ ತರಬೇಕೆಂದು ಪ್ರಾರ್ಥಿಸುತ್ತೇನೆ. ಸಾರ್ಟೆಕ್ಸ್ ಯಂತ್ರವನ್ನು ನಡೆಸಿದ ಅನುಭವವುಳ್ಳ ಹೊನ್ನಾಳಿ ಕಡೆಯ ಭಕ್ತರು ಯಾರಾದರೂ ಇದ್ದರೆ ದಯವಿಟ್ಟು ಅವರೂ ಬರಬೇಕು. ತಿರಸ್ಕಾರದ ಡಬ್ಬದಲ್ಲಿ ಒಳ್ಳೆಯ ಅಕ್ಕಿ ಎಷ್ಟು ಹೋಗುತ್ತದೆಂಬುದನ್ನು ಅವರ ಬಾಯಿಂದಲೇ ಕೇಳುವ ಆಸೆ ನನಗಿದೆ.